ಅರವತ್ತಕ್ಕೆ ಅರಳುಮರಳೇ?

ಕಳೆದ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆಯ ವಿಷಯವಾಗಿ ನಾವು ನಾಲ್ಕು ಮಾತು ಬರೆದ ಮೇಲೆ ವಾಚಕರಿಂದ ಕೆಲವು ಪತ್ರಗಳು ಬಂದವು. ಅವುಗಳಲ್ಲಿ ಒಂದನ್ನು ಸುಮ್ಮನೆ ಓದಿ ಮಡಿಸಿಡಲು ನಮ್ಮಿಂದ ಆಗಲಿಲ್ಲ. ಬರೆದವರು ಧಾರವಾಡದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದ ಒಬ್ಬ ಗೃಹಿಣಿ. ಹೆಸರು ಬೇಡವೆಂದು ಕೇಳಿಕೊಂಡಿದ್ದಾರೆ, ನಾವೂ ಹೇಳುವುದಿಲ್ಲ.

“ನಮ್ಮ ಅತ್ತೆಯವರಿಗೆ ಈಗ ಎಪ್ಪತ್ತೊಂದು. ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಒಂದು ದಿನವೂ ನನ್ನನ್ನು ಸೊಸೆಯೆಂದು ಬೇರೆ ಮಾಡಿ ನೋಡಿದವರಲ್ಲ. ಈಗ ಆರು ತಿಂಗಳಿಂದ ‘ನನ್ನ ಪಾಟಲಿ ನೀನೇ ತಗೊಂಡಿ’ ಎನ್ನುತ್ತಾರೆ. ಪಾಟಲಿ ಅಕ್ಕಿಯ ಡಬ್ಬಿಯಲ್ಲಿ ಸಿಕ್ಕಿತು, ಇಟ್ಟವರು ಅವರೇ. ಮರುದಿನ ಮತ್ತೆ ಅದೇ ಮಾತು. ನೆಂಟರೆಲ್ಲ ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದು ನಕ್ಕುಬಿಡುತ್ತಾರೆ. ನನಗೆ ನಗು ಬರುವುದಿಲ್ಲ. ಇದು ವಯಸ್ಸೋ, ರೋಗವೋ, ಅಥವಾ ಅವರ ಮನಸ್ಸಿನಲ್ಲಿ ಮೊದಲಿಂದಲೂ ಇದ್ದ ಸಂಶಯ ಈಗ ಬಾಯಿಗೆ ಬರುತ್ತಿದೆಯೋ? ಇಷ್ಟು ಹೇಳಿದರೆ ಸಾಕು.”

ನಾವು ವೈದ್ಯರಲ್ಲ, ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವ ಗುಮಾಸ್ತರೆಂಬುದನ್ನು ಈ ಅಂಕಣದ ವಾಚಕರು ಬಲ್ಲರು. ಆದರೆ ಗುಮಾಸ್ತರಿಗೆ ಒಂದು ಅಭ್ಯಾಸವುಂಟು. ಯಾವ ಪ್ರಶ್ನೆ ಮೇಜಿಗೆ ಬಂದರೂ ಅದರ ಹಳೆಯ ಕಡತ ತರಿಸಿ, ಮೊದಲ ಹಾಳೆಯಿಂದ ನೋಡುತ್ತೇವೆ. ಈ ಪ್ರಶ್ನೆಯ ಮೊದಲ ಹಾಳೆ 1901ನೆಯ ಇಸವಿಯದು. ಊರು ಜರ್ಮನಿಯ ಫ್ರಾಂಕ್‌ಫರ್ಟ್.

ಆ ವರ್ಷದ ನವೆಂಬರಿನಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಗೆ ಆಗಸ್ಟ್ ಡೀಟರ್ ಎಂಬ ಹೆಂಗಸನ್ನು ಸೇರಿಸಿದರು. ಗಂಡ ರೈಲ್ವೆ ಕಚೇರಿಯ ಗುಮಾಸ್ತ. ನಮ್ಮ ಜಾತಿಯವನೇ ಎನ್ನಿ. ಆಕೆಯಲ್ಲಿ ಮೊದಲು ಕಂಡ ಲಕ್ಷಣ ಮರೆವಲ್ಲ, ಗಂಡನ ಮೇಲೆ ಕಾರಣವಿಲ್ಲದ ಸಂಶಯ. ಆಮೇಲೆ ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡತೊಡಗಿದಳು. ತನ್ನ ಮನೆಯೊಳಗೇ ದಾರಿ ತಪ್ಪತೊಡಗಿದಳು. ಅಲ್ಲಿಯ ವೈದ್ಯ ಅಲೋಯಿಸ್ ಆಲ್‌ಜೈಮರ್ ಅವಳ ಎದುರು ಕುಳಿತು ಕೇಳಿದ ಪ್ರಶ್ನೆಗಳನ್ನೂ ಬಂದ ಉತ್ತರಗಳನ್ನೂ ಬರೆದಿಟ್ಟಿದ್ದಾನೆ. ಹೆಸರು ಕೇಳಿದರೆ ಆಗಸ್ಟ್ ಎಂದಳು. ಮನೆತನದ ಹೆಸರಿಗೂ ಅದೇ ಉತ್ತರ, ಗಂಡನ ಹೆಸರಿಗೂ ಅದೇ. ಊಟದ ತಟ್ಟೆಯಲ್ಲಿ ಹೂಕೋಸು ಇದ್ದರೆ ಪಾಲಕ ಸೊಪ್ಪು ಎಂದಳು. ಆಗ ಅವಳ ವಯಸ್ಸು ಎಷ್ಟೆಂದು ತಿಳಿದಿರಿ? ಕೇವಲ 51.

1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಳು. ಅಷ್ಟರಲ್ಲಿ ಆಲ್‌ಜೈಮರ್ ಮ್ಯೂನಿಕ್ ನಗರಕ್ಕೆ ಹೋಗಿದ್ದ. ಆಕೆಯ ಮಿದುಳನ್ನು ಅಲ್ಲಿಗೆ ತರಿಸಿಕೊಂಡು, ತೆಳುವಾಗಿ ಸೀಳಿ, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಎರಡು ಸಂಗತಿ ಕಂಡವು. ನರಕೋಶಗಳ ನಡುವೆ ಅಲ್ಲಲ್ಲಿ ಏನೋ ವಸ್ತು ಗಸಿಯಂತೆ ಗಟ್ಟಿಯಾಗಿ ಕೂತಿತ್ತು. ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂಥ ಗಂಟುಗಳಿದ್ದವು. ಕೆಲವು ಕಡೆ ಕೋಶ ಸತ್ತು ಕರಗಿಹೋಗಿ ಗಂಟು ಮಾತ್ರ ಉಳಿದಿತ್ತು. ಆ ನವೆಂಬರಿನಲ್ಲಿ ಟ್ಯೂಬಿಂಗೆನ್ ಎಂಬಲ್ಲಿ ಸೇರಿದ ವೈದ್ಯರ ಸಭೆಯಲ್ಲಿ ಇದನ್ನು ವರದಿ ಮಾಡಿದ. ಸಭೆಯಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ, 1910ರಲ್ಲಿ, ಅವನ ಹಿರಿಯನಾದ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್‌ಜೈಮರನ ಹೆಸರಿಟ್ಟ.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಐವತ್ತೊಂದರ ಹೆಂಗಸಿಗೆ ಬಂದದ್ದನ್ನು ಮುಪ್ಪು ಎನ್ನಲು ಬರುವುದಿಲ್ಲ. ಇನ್ನು ಅರವತ್ತು ದಾಟಿದವರ ಲೆಕ್ಕ ನೋಡೋಣ. ನಮ್ಮ ದೇಶದ ಹಿರಿಯರನ್ನು ಪರೀಕ್ಷಿಸಿ ಮಾಡಿದ ಒಂದು ದೊಡ್ಡ ಅಧ್ಯಯನದ ಫಲ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಅರವತ್ತು ಮತ್ತು ಮೇಲ್ಪಟ್ಟವರಲ್ಲಿ ನೂರಕ್ಕೆ 7.4 ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಎಂಬ ಬುದ್ಧಿಶಕ್ತಿಯ ಕುಸಿತವಿದೆ. ರಕ್ತನಾಳ ಕೆಟ್ಟು ಬರುವುದು ಮೊದಲಾಗಿ ಈ ಕುಸಿತದಲ್ಲಿ ಹಲವು ಬಗೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್‌ಜೈಮರ್ ರೋಗ. ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಹಿರಿಯರಿಗೆ ಇದು ಇಲ್ಲ. ಅರವತ್ತಕ್ಕೆ ಅರಳುಮರಳು ಎಂಬ ನಮ್ಮ ಗಾದೆ ಅಷ್ಟೂ ಮಂದಿಗೆ ಅನ್ಯಾಯ ಮಾಡುತ್ತದೆ. ಉಳಿದ ಏಳೆಂಟು ಮಂದಿಗೆ ಇನ್ನೂ ದೊಡ್ಡ ಅನ್ಯಾಯ ಮಾಡುತ್ತದೆ, ಏಕೆಂದರೆ ಅವರಿಗಿರುವುದು ರೋಗವೆಂಬುದನ್ನೇ ಮುಚ್ಚಿಬಿಡುತ್ತದೆ.

ಹಾಗಾದರೆ ಆಲ್‌ಜೈಮರ್ ಕಂಡ ಗಸಿ ಯಾವುದು, ಗಂಟು ಯಾವುದು? ಎರಡೂ ಪ್ರೋಟೀನುಗಳೇ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಸಸಾರಜನಕವೆಂದು ಬರೆಯುತ್ತಿದ್ದರಲ್ಲ, ಅದೇ. ಹಾಗೆಂದು ನಾಳೆಯಿಂದ ಮನೆಯಲ್ಲಿ ತೊಗರಿಬೇಳೆ ನಿಲ್ಲಿಸಬೇಡಿ. ನಾವು ತಿನ್ನುವ ಪ್ರೋಟೀನು ಹೊಟ್ಟೆಯಲ್ಲಿ ಪುಡಿಯಾಗಿ ಹೋಗುತ್ತದೆ. ಇಲ್ಲಿ ಹೇಳುವುದು ಮಿದುಳಿನ ಕೋಶಗಳು ತಾವೇ ತಯಾರಿಸಿಕೊಳ್ಳುವ ಪ್ರೋಟೀನಿನ ಮಾತು. ಪ್ರೋಟೀನು ಎಂದರೆ ಅಮೈನೋ ಆಮ್ಲವೆಂಬ ಮಣಿಗಳನ್ನು ಪೋಣಿಸಿದ ಸರ. ಈ ಸರ ತನ್ನ ಕ್ರಮದಲ್ಲಿ ಮಡಿಸಿಕೊಂಡರೆ ಕೆಲಸಕ್ಕೆ ಬರುತ್ತದೆ. ಮಡಿಕೆ ತಪ್ಪಿದರೆ ಒಂದಕ್ಕೊಂದು ಅಂಟುತ್ತದೆ.

ಮೊದಲು ಗಸಿಯ ಕಥೆ. ನರಕೋಶದ ಹೊರಪೊರೆಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತ ಒಂದು ಉದ್ದನೆಯ ಪ್ರೋಟೀನು ಉಂಟು. ಕೆಲಸ ಮುಗಿದ ಮೇಲೆ ಅದನ್ನು ಕತ್ತರಿಸಿ ವಿಲೇವಾರಿ ಮಾಡಲು ಕೋಶದಲ್ಲಿ ಕತ್ತರಿಗಳಿವೆ, ಇವನ್ನು ಕಿಣ್ವಗಳೆನ್ನುತ್ತಾರೆ. ಒಂದು ಕತ್ತರಿ ನಡುವೆ ಕತ್ತರಿಸಿದರೆ ತೊಂದರೆಯಿಲ್ಲ. ಬೇರೆ ಎರಡು ಕತ್ತರಿಗಳು ಆಚೆಗೊಂದು ಈಚೆಗೊಂದು ಕತ್ತರಿಸಿದರೆ ನಡುವಿನಿಂದ ಒಂದು ಚೂರು ಬಿದ್ದುಹೋಗುತ್ತದೆ. ಅದರ ಹೆಸರು ಬೀಟಾ ಅಮಿಲಾಯ್ಡ್. ಹೆಚ್ಚಾಗಿ ಅದರ ಉದ್ದ 40 ಮಣಿ, ಕೆಲವು ಸಲ 42. ಎರಡೇ ಮಣಿ ಹೆಚ್ಚಾದ ಈ ಚೂರಿಗೆ ಅಂಟುಗುಣ ಬಹಳ. ಅಮಿಲಾಯ್ಡ್ ಎಂದರೆ ಗಂಜಿಯಂಥದು ಎಂದರ್ಥ. ಅಯೋಡಿನ್ ಹಾಕಿದಾಗ ಗಂಜಿಯಂತೆ ಬಣ್ಣ ತಿರುಗಿತೆಂದು 1854ರಲ್ಲಿ ವಿರ್ಖೋ ಎಂಬ ಪಂಡಿತ ಈ ಹೆಸರನ್ನು ಬಳಸಿದ. ಅದು ಗಂಜಿಯಲ್ಲವೆಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಉಳಿಯಿತು. ಆಲ್‌ಜೈಮರ್ ರೋಗಿಗಳ ಮಿದುಳಿನ ರಕ್ತನಾಳಗಳಿಂದ ಈ ಚೂರನ್ನು ಬೇರ್ಪಡಿಸಿ ಅದರ ಮಣಿಗಳ ಕ್ರಮವನ್ನು ಮೊದಲು ಓದಿದವರು ಅಮೆರಿಕದ ಗ್ಲೆನರ್ ಮತ್ತು ವಾಂಗ್; ವರ್ಷ 1984.

ಈ ಚೂರು ನಮ್ಮೆಲ್ಲರ ಮಿದುಳಿನಲ್ಲೂ ದಿನವೂ ಹುಟ್ಟುತ್ತದೆ, ದಿನವೂ ತೊಳೆದು ಹೋಗುತ್ತದೆ. ಹುಟ್ಟುವುದು ಹೆಚ್ಚಾದರೆ ಅಥವಾ ತೊಳೆಯುವುದು ಕಡಿಮೆಯಾದರೆ ಕಸ ಉಳಿಯುತ್ತದೆ. ಉಳಿದ ಚೂರುಗಳು ಎರಡು, ನಾಲ್ಕು, ಹತ್ತು ಎಂದು ಗುಂಪುಗೂಡಿ, ಕೊನೆಗೆ ಗಟ್ಟಿ ಗಸಿಯಾಗುತ್ತವೆ. ಕಣ್ಣಿಗೆ ಕಾಣುವ ಗಸಿಯೇ ಅಪರಾಧಿ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಈಗಿನ ವಿಜ್ಞಾನಿಗಳಲ್ಲಿ ಅನೇಕರು ಹೇಳುವುದೇ ಬೇರೆ: ಗಸಿಯಾಗುವುದಕ್ಕೆ ಮೊದಲು ನೀರಿನಲ್ಲಿ ಕರಗಿ ಓಡಾಡುವ ಸಣ್ಣ ಗುಂಪುಗಳೇ ಹೆಚ್ಚು ವಿಷ.

ಅವು ಹೋಗಿ ಹಾನಿ ಮಾಡುವ ಜಾಗ ಯಾವುದು? ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದರ ತುದಿಗೂ ಇನ್ನೊಂದಕ್ಕೂ ನಡುವೆ ಕೂದಲೆಳೆಗಿಂತ ಬಹಳ ಕಿರಿದಾದ ಸಂದಿಯುಂಟು. ಒಂದು ಮೇಜಿನ ಟಪಾಲು ಮುಂದಿನ ಮೇಜಿಗೆ ಹೋಗುವಂತೆ, ಸುದ್ದಿಯೆಲ್ಲ ಈ ಸಂದಿಯನ್ನು ದಾಟಿಯೇ ಹೋಗಬೇಕು. ಹೊಸದೊಂದನ್ನು ಕಲಿತು ನೆನಪಿಡುವುದೆಂದರೆ ಇಂಥ ಸಂದಿಗಳು ಗಟ್ಟಿಯಾಗುವುದು. ವಿಷದ ಗುಂಪುಗಳು ಇಲ್ಲಿ ಅಂಟಿ ಸಂದಿ ಗಟ್ಟಿಯಾಗದಂತೆ ಮಾಡುತ್ತವೆ. ಕೋಶದೊಳಕ್ಕೆ ಮಿತಿಮೀರಿ ಸುಣ್ಣದ ಅಂಶ ನುಗ್ಗಿ ಒಳಗಿನ ವ್ಯವಸ್ಥೆ ಕೆಡುತ್ತದೆ. ಕಸ ಗುಡಿಸಲೆಂದೇ ಇರುವ ಮಿದುಳಿನ ಕಾವಲು ಕೋಶಗಳು ಕೆರಳಿ, ಕಸದೊಂದಿಗೆ ಒಳ್ಳೆಯ ಸಂದಿಗಳನ್ನೂ ಗುಡಿಸಿಹಾಕುತ್ತವೆ. ಕೋಶ ಇನ್ನೂ ಬದುಕಿದೆ. ಆದರೆ ಟಪಾಲು ತಲಪುತ್ತಿಲ್ಲ.

ಇನ್ನು ಗಂಟಿನ ಕಥೆ. ನರಕೋಶಕ್ಕೆ ಉದ್ದನೆಯ ಬಾಲವಿದೆ. ಅದರ ತುದಿಗೆ ಆಹಾರ, ಸಾಮಗ್ರಿ ಸಾಗಿಸಲು ಒಳಗೆ ಸೂಕ್ಷ್ಮವಾದ ಹಳಿಗಳಿವೆ. ಮುಂಬಯಿಯ ವಾಚಕರಿಗೆ ಹಳಿಯ ಮಹಿಮೆ ಹೇಳಬೇಕಾಗಿಲ್ಲ. ಹಳಿ ಅಲುಗದಂತೆ ಕೆಳಗೆ ಸ್ಲೀಪರುಗಳು ಹಿಡಿದಿರುವ ಹಾಗೆ, ಈ ಹಳಿಗಳನ್ನು ಹಿಡಿದಿರುವ ಪ್ರೋಟೀನಿಗೆ ಟೌ ಎಂದು ಹೆಸರು. ರೋಗದಲ್ಲಿ ಟೌ ಪ್ರೋಟೀನಿಗೆ ಅತಿಯಾಗಿ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಅದು ಹಳಿಯನ್ನು ಬಿಟ್ಟು ಕಳಚಿ, ತನ್ನಂಥವೇ ಇನ್ನೊಂದಕ್ಕೆ ಹೆಣೆದುಕೊಂಡು ಗಂಟಾಗುತ್ತದೆ. ಹಳಿ ಸಡಿಲವಾಯಿತು, ಸಾಗಾಟ ನಿಂತಿತು. ತುದಿಯ ಸಂದಿ ಉಪವಾಸ ಬಿತ್ತು. ಕ್ರಮೇಣ ಕೋಶವೇ ಸತ್ತಿತು. ಸತ್ತ ಕೋಶದ ಜಾಗದಲ್ಲಿ ಗಂಟು ಉಳಿದುಕೊಳ್ಳುತ್ತದೆ. ಆಲ್‌ಜೈಮರ್ 1906ರಲ್ಲಿ ಕಂಡದ್ದು ಇದನ್ನೇ.

ಇವೆರಡಕ್ಕೂ ಸಂಬಂಧವೇನು? ಕಿಡಿ ಹಚ್ಚುವುದು ಅಮಿಲಾಯ್ಡ್, ಮನೆ ಸುಡುವುದು ಟೌ ಎಂದು ಸ್ಥೂಲವಾಗಿ ಹೇಳಬಹುದು. ಅಮಿಲಾಯ್ಡ್ ತಯಾರಾಗುವ ಪ್ರೋಟೀನಿನ ಜೀನು 21ನೆಯ ವರ್ಣತಂತುವಿನಲ್ಲಿದೆ. ಡೌನ್ ಸಿಂಡ್ರೋಮ್ ಇರುವವರಿಗೆ ಆ ವರ್ಣತಂತು ಎರಡರ ಬದಲು ಮೂರು. ಅವರಲ್ಲಿ ನಲವತ್ತು ತುಂಬುವಷ್ಟರಲ್ಲೇ ಮಿದುಳಿನಲ್ಲಿ ಗಸಿ ಕಾಣುತ್ತದೆ. ಇನ್ನೊಂದು ಕಡೆ, ಅಮಿಲಾಯ್ಡ್ ಹೆಚ್ಚಿಸಿದ ಇಲಿಗಳಲ್ಲಿ ಟೌ ಪ್ರೋಟೀನನ್ನು ಕಡಿಮೆ ಮಾಡಿದಾಗ ಅವುಗಳ ನೆನಪು ಅಷ್ಟಾಗಿ ಕೆಡಲಿಲ್ಲವೆಂದು 2007ರಲ್ಲಿ ಕಂಡುಬಂದಿತು. ಗಸಿಯ ಪ್ರಮಾಣಕ್ಕಿಂತ ಗಂಟುಗಳ ಪ್ರಮಾಣವೇ ರೋಗಿಯ ಮರೆವಿಗೆ ಹೆಚ್ಚು ಹೊಂದಿಕೆಯಾಗುತ್ತದೆ.

ಈ ಇಲಾಖೆಯಲ್ಲೂ ಆಡಿಟ್ ಆಕ್ಷೇಪಣೆ ಇಲ್ಲದಿಲ್ಲ. ಒಂದು ನಿರ್ದಿಷ್ಟ ಅಮಿಲಾಯ್ಡ್ ಗುಂಪೇ ನೆನಪನ್ನು ಕೆಡಿಸುತ್ತದೆಂದು 2006ರಲ್ಲಿ ಪ್ರಕಟವಾಗಿದ್ದ ಒಂದು ಹೆಸರಾಂತ ಲೇಖನವನ್ನು, ಅದರ ಚಿತ್ರಗಳನ್ನು ತಿದ್ದಿದ್ದರೆಂಬ ಕಾರಣಕ್ಕೆ 2024ರಲ್ಲಿ ಹಿಂತೆಗೆದುಕೊಂಡರು. ಒಂದು ವೋಚರು ಸುಳ್ಳಾಯಿತೆಂದು ಇಡೀ ಲೆಕ್ಕ ಸುಳ್ಳಾಗುವುದಿಲ್ಲ; ಬೇರೆ ಪ್ರಯೋಗಶಾಲೆಗಳಿಂದ ಬಂದ ಸಾಕ್ಷ್ಯ ನಿಂತಿದೆ.

ಈಗ ನಮ್ಮ ಪತ್ರಲೇಖಕಿಯ ಪಾಟಲಿಗೆ ಬರೋಣ. ಟೌ ಗಂಟುಗಳು ಮಿದುಳಿನಲ್ಲಿ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬ್ರಾಕ್ ದಂಪತಿಗಳು 1991ರಲ್ಲಿ ತೋರಿಸಿಕೊಟ್ಟಂತೆ, ಅವಕ್ಕೊಂದು ದಾರಿಯುಂಟು. ಕಿವಿಯ ನೇರಕ್ಕೆ ಒಳಗಡೆ ಇರುವ ಒಂದು ಭಾಗದಲ್ಲಿ ಆರಂಭವಾಗಿ, ಪಕ್ಕದ ಹಿಪ್ಪೊಕ್ಯಾಂಪಸ್ ಎಂಬಲ್ಲಿಗೆ ಹಬ್ಬಿ, ಅಲ್ಲಿಂದ ಉಳಿದ ಕಡೆಗೆ ಹೋಗುತ್ತವೆ. ಹಿಪ್ಪೊಕ್ಯಾಂಪಸ್ಸನ್ನು ಮಿದುಳಿನ ಇನ್‌ವರ್ಡ್ ರಿಜಿಸ್ಟರು ಎನ್ನಬಹುದು. ಇವತ್ತು ಬಂದ ಕಾಗದ ಅಲ್ಲಿ ದಾಖಲಾದರೆ ಮಾತ್ರ ನಾಳೆ ಸಿಕ್ಕೀತು. ಐವತ್ತು ವರ್ಷದ ಹಿಂದಿನ ಕಾಗದಗಳು ರೆಕಾರ್ಡ್ ರೂಮಿನಲ್ಲಿ ಆಗಲೇ ಭದ್ರವಾಗಿವೆ. ಆದುದರಿಂದಲೇ ನಮ್ಮ ಹಿರಿಯರು ಹುಬ್ಬಳ್ಳಿಯ ಮದುವೆಯ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದರೆಂದು ಹೇಳಬಲ್ಲರು. ಬೆಳಿಗ್ಗೆ ತಿಂಡಿ ತಿಂದದ್ದನ್ನು ಹೇಳಲಾರರು.

ತಾಯಿ, ನಿಮ್ಮ ಅತ್ತೆಯವರ ಕೈ ಪಾಟಲಿಯನ್ನು ಅಕ್ಕಿಯ ಡಬ್ಬಿಗೆ ಇಟ್ಟಿತು. ಆ ಕೆಲಸ ರಿಜಿಸ್ಟರಿನಲ್ಲಿ ದಾಖಲಾಗಲಿಲ್ಲ. ಮರೆತಿದ್ದೇನೆಂದು ಅವರಿಗೆ ಅನ್ನಿಸುವುದಿಲ್ಲ, ಏಕೆಂದರೆ ಮರೆಯಲು ಅಲ್ಲಿ ಏನೂ ಬರೆದಿರಲೇ ಇಲ್ಲ. ಅವರಿಗೆ ಗೊತ್ತಿರುವುದು ಎರಡೇ: ಪಾಟಲಿ ಇತ್ತು, ಈಗ ಇಲ್ಲ. ಹಾಗಾದರೆ ಯಾರೋ ತೆಗೆದಿರಬೇಕು. ಮನೆಯಲ್ಲಿ ಹಗಲೆಲ್ಲ ಹತ್ತಿರ ಇರುವವರು ಯಾರು? ನೀವು. ಹತ್ತಿರ ಇದ್ದು ಸೇವೆ ಮಾಡುವವರ ಮೇಲೆಯೇ ಈ ಆರೋಪ ಬರುವುದು ಈ ರೋಗದಲ್ಲಿ ಸಾಮಾನ್ಯ. ಫ್ರಾಂಕ್‌ಫರ್ಟಿನ ಆ ಬಡ ಗುಮಾಸ್ತನ ಮೇಲೂ ಸಂಶಯ ಬಂದಿದ್ದಿತು. ನಿಮ್ಮ ಅತ್ತೆಯವರಿಗೆ ಇರುವುದು ಈ ರೋಗವೇ ಎಂದು ವೈದ್ಯರೇ ಹೇಳಬೇಕು. ಇದೇ ಆಗಿದ್ದರೆ, ಇಪ್ಪತ್ತೆರಡು ವರ್ಷ ಅವರು ಬಚ್ಚಿಟ್ಟಿದ್ದ ಸಂಶಯ ಇದಲ್ಲ. ಆ ಇಪ್ಪತ್ತೆರಡು ವರ್ಷದ ವಾತ್ಸಲ್ಯ ನಿಜವಾದದ್ದು. ಅದರ ಮೇಲೆ ಈಗ ಒಂದು ರೋಗ ಕೂತಿದೆ.

ಇನ್ನು ಮಾಡಬೇಕಾದದ್ದು. ಮೊದಲನೆಯದು ವೈದ್ಯರಲ್ಲಿಗೆ ಕರೆದೊಯ್ಯುವುದು. ಮರೆವಿಗೆಲ್ಲ ಇದೇ ಕಾರಣವಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯಿಡ್ ಮಂದವಾಗುವುದು, ಮನಸ್ಸಿನ ಖಿನ್ನತೆ, ಕೆಲವು ಔಷಧಗಳು, ಇವುಗಳಿಂದಲೂ ಮರೆವು ಬರುತ್ತದೆ; ಇವಕ್ಕೆ ಪರಿಹಾರವುಂಟು. ಅರಳುಮರಳೆಂದು ಮನೆಯಲ್ಲೇ ತೀರ್ಪು ಕೊಟ್ಟುಬಿಟ್ಟರೆ ಗುಣವಾಗಬಹುದಾದದ್ದೂ ಗುಣವಾಗದೆ ಉಳಿಯುತ್ತದೆ.

ಆಲ್‌ಜೈಮರ್ ರೋಗವೇ ಎಂದಾದರೆ, ಸಂದಿಗಳಲ್ಲಿ ಸುದ್ದಿ ಸಾಗಿಸುವ ರಾಸಾಯನಿಕವನ್ನು ಕಾಪಾಡುವ ಡೊನೆಪೆಜಿಲ್ ಮೊದಲಾದ ಹಳೆಯ ಮಾತ್ರೆಗಳಿಂದ ಕೆಲವರಿಗೆ ಕೆಲಕಾಲ ಸ್ವಲ್ಪ ಸಹಾಯವಾಗುತ್ತದೆ. ಅಮಿಲಾಯ್ಡ್ ಕಸವನ್ನೇ ತೆಗೆಯುವ ಲೆಕಾನೆಮ್ಯಾಬ್ ಎಂಬ ಹೊಸ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಆರಂಭದ ಹಂತದ 1,795 ರೋಗಿಗಳ ಮೇಲೆ 18 ತಿಂಗಳು ನಡೆದ ಪರೀಕ್ಷೆಯಲ್ಲಿ ಅದು ಕುಸಿತದ ವೇಗವನ್ನು ನೂರಕ್ಕೆ 27ರಷ್ಟು ತಗ್ಗಿಸಿತು. ನಿಲ್ಲಿಸಲಿಲ್ಲ, ಹೋದ ನೆನಪನ್ನು ತಂದುಕೊಡಲೂ ಇಲ್ಲ. ಕೆಲವರಿಗೆ ಮಿದುಳಿನಲ್ಲಿ ಬಾವು, ರಕ್ತಸ್ರಾವ ಆದದ್ದೂ ಉಂಟು. ಇದಕ್ಕೆ ಕಾರಣ ವಾಚಕರಿಗೆ ಈಗ ಹೊಳೆಯಬಹುದು. ಅಮಿಲಾಯ್ಡ್ ಕೂಡತೊಡಗುವುದು ಮರೆವು ಕಾಣುವುದಕ್ಕೆ 15-20 ವರ್ಷ ಮೊದಲೇ. ನಾವು ಎಚ್ಚೆತ್ತು ಕಸ ಗುಡಿಸುವ ಹೊತ್ತಿಗೆ ಟೌ ಎಷ್ಟೋ ಕೋಶಗಳನ್ನು ಕೊಂದಾಗಿರುತ್ತದೆ. ಸತ್ತ ನರಕೋಶ ಮರಳುವುದಿಲ್ಲ.

ಹದಿನೈದಿಪ್ಪತ್ತು ವರ್ಷ ಎಂದಾಗ ಎಪ್ಪತ್ತರವರ ಮಾತು ಮುಗಿದು, ನಲವತ್ತು ಐವತ್ತರ ವಾಚಕರ ಮಾತು ಬಂದಿತು. ತಜ್ಞರ ಒಂದು ಅಂತರರಾಷ್ಟ್ರೀಯ ಆಯೋಗ 2024ರಲ್ಲಿ ಹದಿನಾಲ್ಕು ಅಪಾಯಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ತಡೆದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ನೂರಕ್ಕೆ 45ರಷ್ಟನ್ನು ತಪ್ಪಿಸಬಹುದು ಇಲ್ಲವೆ ಮುಂದೂಡಬಹುದೆಂದು ಅದರ ಅಂದಾಜು. ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮೈಗೆ ಕೆಲಸವಿಲ್ಲದಿರುವುದು, ಸರಿಪಡಿಸದೆ ಬಿಟ್ಟ ಕಿವಿ ಕಣ್ಣಿನ ದೋಷ, ಒಂಟಿತನ ಇವೆಲ್ಲ ಆ ಪಟ್ಟಿಯಲ್ಲಿವೆ. ಅಪ್ಪನವರಿಗೆ ಕಿವಿ ಕೇಳಿಸುವುದಿಲ್ಲವೆಂದು ಟೀವಿಯ ದನಿ ಏರಿಸಿ ಸುಮ್ಮನಿರುವ ಮನೆಗಳವರು ಇದನ್ನು ಗಮನಿಸಬೇಕು.

ಹೊರನಾಡಿನ ಕನ್ನಡಿಗರಿಗೆ ಸಂತೋಷ ಕೊಡುವ ಒಂದು ಸಂಗತಿಯೂ ಇದೆ. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಡಾ. ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಅಂತರವಿತ್ತು. ಭಾಷೆ ಗಸಿಯನ್ನು ಕರಗಿಸುತ್ತದೆಂದಲ್ಲ. ಎರಡು ನುಡಿಗಳ ನಡುವೆ ಓಡಾಡಿ ಪಳಗಿದ ಮಿದುಳು ಹೊಡೆತವನ್ನು ಇನ್ನಷ್ಟು ಕಾಲ ತಾಳಿಕೊಳ್ಳುತ್ತದೆಂದು ಅವರ ಅಭಿಪ್ರಾಯ. ಮನೆಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಎಂದು ನಮ್ಮ ಹೆಂಗಸರು ದಿನವಿಡೀ ಮಾಡುವ ಸಾಮು ವ್ಯರ್ಥವಲ್ಲ. ಮಕ್ಕಳಿಗೆ ಕನ್ನಡ ಏಕೆಂದು ಕೇಳುವ ತಂದೆತಾಯಂದಿರಿಗೆ ನಮ್ಮ ಸಂಘದವರು ಇದನ್ನೂ ಒಂದು ಕಾರಣವಾಗಿ ಹೇಳಬಹುದು.

ರೋಗ ಬಂದ ಮನೆಯಲ್ಲಿ ವಾದ ಬೇಡ. “ನಾನು ತೆಗೆದಿಲ್ಲ, ನೀವೇ ಇಟ್ಟದ್ದು” ಎಂದು ಸಾಧಿಸಿ ತೋರಿಸುವುದರಿಂದ ಲಾಭವಿಲ್ಲ. ನೀವು ಸಾಧಿಸಿದ್ದೂ ಆ ರಿಜಿಸ್ಟರಿನಲ್ಲಿ ದಾಖಲಾಗುವುದಿಲ್ಲ. “ಬರ್ರಿ ಅತ್ತಿ, ಇಬ್ಬರೂ ಕೂಡಿ ಹುಡುಕೋಣ” ಎಂದರೆ ಸಿಟ್ಟು ಇಳಿಯುತ್ತದೆ. ಬೆಲೆಯ ಒಡವೆಯನ್ನು ಭದ್ರವಾಗಿಟ್ಟು, ನೋಡಲು ಅಂಥದೇ ಆದ ಸಾದಾ ಬಳೆಯನ್ನು ಕೈಗೆ ಕೊಡಬಹುದು. ಕನ್ನಡಕ, ಚಪ್ಪಲಿ, ನೀರಿನ ತಂಬಿಗೆಗಳು ದಿನವೂ ಒಂದೇ ಜಾಗದಲ್ಲಿರಲಿ. ಒಬ್ಬಂಟಿಯಾಗಿ ಹೊರಗೆ ಹೋದರೆ ತಿಳಿಯುವಂತೆ ಕಿಸೆಯಲ್ಲಿ ವಿಳಾಸದ ಚೀಟಿಯಿರಲಿ, ಕಟ್ಟಡದ ವಾಚ್‌ಮನ್‌ನಿಗೆ ಒಂದು ಮಾತು ಹೇಳಿರಿ. ನೋಡಿಕೊಳ್ಳುವವರು ಒಬ್ಬರೇ ಆಗಬಾರದು. ಗಂಡನೂ ಮಕ್ಕಳೂ ವಾರಕ್ಕೆ ಎರಡು ದಿನವಾದರೂ ಆ ಕೆಲಸ ವಹಿಸಿಕೊಂಡು ಸೊಸೆಗೆ ಪುರಸೊತ್ತು ಕೊಡಬೇಕು. ನಕ್ಕುಹೋಗುವ ನೆಂಟರಿಗೂ ಒಂದು ಪಾಳಿ ಕೊಟ್ಟರೆ ತಪ್ಪಿಲ್ಲ.

ನಮ್ಮ ಸಂಘದ ಸಭೆಗಳಿಗೆ ಇಂಥ ಹಿರಿಯರನ್ನು ಕರೆತರಲು ಮನೆಯವರು ಸಂಕೋಚಪಡುತ್ತಾರೆ. ಕರೆತನ್ನಿರಿ. ಬಂದವರ ಹೆಸರನ್ನು ಅವರು ಎರಡು ಸಲ ಕೇಳಿದರೆ ಎರಡು ಸಲ ಹೇಳೋಣ. ಮುಂದಿನ ಸಂಚಿಕೆಗೆ ಕಿವಿ ಮಂದವಾಗುವ ವಿಷಯ ಬರೆಯಬೇಕೆಂದಿದ್ದೇವೆ. ಕಿವಿಯಂತ್ರ ಕೊಂಡು ಪೆಟ್ಟಿಗೆಯಲ್ಲಿಟ್ಟವರು ತಮ್ಮ ಅನುಭವವನ್ನು ತಿಂಗಳೊಳಗಾಗಿ ಬರೆದು ಕಳಿಸಿದರೆ ಉಪಕಾರವಾದೀತು.